ಒಳಗೆ ಕೇಳಿದರೆ ಒಂದು, ಹೊರಗೆ ಕೇಳಿದರೆ ಇನ್ನೊಂದು: ಎಸ್‌ಎಸ್‌ಎಚ್ ತೇಪೆಯ ದಿನಚರಿ

ಜುಲೈ 1, 2024, ರಾತ್ರಿ

ಮೊದಲು ಗುಬ್ಬಚ್ಚಿಗೆ ತೇಪೆ ಹಾಕಿದೆ. ನಾನು ನೋಡಿಕೊಳ್ಳುವ ಆರು ಲಿನಕ್ಸ್ ಸರ್ವರ್‌ಗಳಿಗೂ ಹಕ್ಕಿಗಳ ಹೆಸರಿಟ್ಟಿದ್ದೇನೆ. ಅವುಗಳಲ್ಲಿ ಗುಬ್ಬಚ್ಚಿಯೇ ಹಿರಿಯದು: 32 ಬಿಟ್‌ನ ಹಳೆಯ ಯಂತ್ರ, ಅದರ ಮೇಲೆ ಡೆಬಿಯನ್ 12. ಉಳಿದ ಐದರ ಬ್ಯಾಕಪ್ ಅದರೊಳಗೆ ಬಂದು ಸೇರುವುದರಿಂದ ಅದರ 22ನೇ ಪೋರ್ಟ್, ಅಂದರೆ ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಬಾಗಿಲು, ಹಗಲಿರುಳು ತೆರೆದೇ ಇರುತ್ತದೆ. ಆ ಬಾಗಿಲು ಕಾಯುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಇಂದು ಬಹಿರಂಗವಾದ ಭದ್ರತಾ ದೋಷದ (ದಾಖಲೆ ಸಂಖ್ಯೆ ಸಿವಿಇ-2024-6387) ವಿವರಗಳನ್ನು ಓದುತ್ತಿದ್ದಂತೆ ಕಣ್ಣ ಮುಂದೆ ಬಂದದ್ದು ಅದೇ ಯಂತ್ರ. ಕ್ವಾಲಿಸ್ ಸಂಸ್ಥೆಯ ಸಂಶೋಧಕರು ದಾಳಿಯನ್ನು ನಿಜಕ್ಕೂ ಮಾಡಿ ತೋರಿಸಿರುವುದು 32 ಬಿಟ್ ವ್ಯವಸ್ಥೆಗಳ ಮೇಲೆ. ಅವುಗಳಲ್ಲಿ ಒಂದು ಡೆಬಿಯನ್ 12. ಸರಾಸರಿ 10,000 ಪ್ರಯತ್ನಗಳಿಗೆ ಒಮ್ಮೆ ಪಟ್ಟು ಸಿಗುತ್ತದೆ, ಒಟ್ಟು ಸರಾಸರಿ 6ರಿಂದ 8 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎನ್ನುತ್ತಾರೆ. ಅಂದರೆ ಒಂದು ರಾತ್ರಿ ಸಾಕು. ಪಾಸ್‌ವರ್ಡ್ ಬೇಡ, ಕೀಲಿ ಬೇಡ, ಕೊನೆಗೆ ಕೈಗೆ ಬರುವುದು ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಒಡೆತನ.

ದೋಷ ಇರುವ ಜಾಗ ಹೀಗಿದೆ. ಸಂಪರ್ಕ ಕೇಳಿ ಬಂದವರು ನಿಗದಿತ ಸಮಯದೊಳಗೆ ತಾವು ಯಾರೆಂದು ಸಾಬೀತುಪಡಿಸದಿದ್ದರೆ ಎಸ್‌ಎಸ್‌ಎಚ್‌ಡಿ (ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಅವರನ್ನು ಹೊರಗೆ ಹಾಕುತ್ತದೆ. ಆ ಗಡುವಿನ ಹೆಸರು ಲಾಗಿನ್‌ಗ್ರೇಸ್‌ಟೈಮ್, ಸಾಮಾನ್ಯವಾಗಿ 120 ಸೆಕೆಂಡು. ಗಡುವು ಮುಗಿದ ಕ್ಷಣ ಸಿಗ್‌ಅಲಾರ್ಮ್ ಎಂಬ ಸಂಕೇತ ಬರುತ್ತದೆ. ಪ್ರೋಗ್ರಾಂ ಆಗ ಏನು ಮಾಡುತ್ತಿದ್ದರೂ ಅದನ್ನು ಅಲ್ಲಿಗೇ ಬಿಟ್ಟು ಸಂಕೇತಕ್ಕೆ ಓಗೊಡಬೇಕು. ಓಗೊಡುವ ಆ ಭಾಗ ಲಾಗ್‌ನಲ್ಲಿ ಒಂದು ಸಾಲು ಬರೆಯಲು ಹೋಗುತ್ತದೆ. ಲಾಗ್ ಬರೆಯುವ ಕೆಲಸ, ಲಿನಕ್ಸ್ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ, ಮೆಮೊರಿಯನ್ನು ಕೇಳಿ ಪಡೆಯುವ ಕೆಲಸವನ್ನೂ ಎಳೆದು ತರುತ್ತದೆ. ಬಿಟ್ಟು ಬಂದ ಕೆಲಸವೂ ಮೆಮೊರಿ ಹಂಚುವುದೇ ಆಗಿದ್ದರೆ? ಲೆಕ್ಕದ ಪುಸ್ತಕದಲ್ಲಿ ಒಬ್ಬರು ಜಮೆಯನ್ನು ಬರೆದು ಖರ್ಚನ್ನು ಇನ್ನೂ ಬರೆಯದಿರುವಾಗ ಇನ್ನೊಬ್ಬರು ಅದೇ ಪುಟ ತೆರೆದು ಅದನ್ನೇ ನಂಬಿ ಮುಂದಿನ ಸಾಲು ಬರೆದಂತೆ. ಆ ಅರೆಬರೆ ಪುಟವನ್ನು ಮೊದಲೇ ತನಗೆ ಬೇಕಾದಂತೆ ಜೋಡಿಸಿಟ್ಟು, ಸರಿಯಾದ ಕ್ಷಣಕ್ಕೆ ಗಡುವು ಮೀರುವಂತೆ ಮಾಡುವುದೇ ದಾಳಿ. ಇದೆಲ್ಲ ನಡೆಯುವುದು ರೂಟ್ ಆಗಿ ಓಡುವ, ಬೇಲಿಯಿಲ್ಲದ ಪ್ರಕ್ರಿಯೆಯೊಳಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಚರಿತ್ರೆ. ಇದೇ ದೋಷವನ್ನು 2006ರಲ್ಲಿ ಮಾರ್ಕ್ ಡೌಡ್ ಕಂಡುಹಿಡಿದಿದ್ದರು, ಆಗ ತೇಪೆಯೂ ಬಿದ್ದಿತ್ತು. 2020ರ ಅಕ್ಟೋಬರ್‌ನಲ್ಲಿ ಲಾಗ್ ಬರೆಯುವ ಭಾಗವನ್ನು ಹೊಸದಾಗಿ ಜೋಡಿಸುವಾಗ, ಸಂಕೇತದ ನಡುವೆ ಅಪಾಯಕಾರಿ ಲಾಗ್ ಬರೆಯದಂತೆ ತಡೆಯುತ್ತಿದ್ದ ಷರತ್ತಿನ ಸಾಲು ಕಳಚಿಹೋಯಿತು. 2021ರ 8.5ಪಿ1ರಿಂದ 9.7ಪಿ1ರವರೆಗಿನ ಆವೃತ್ತಿಗಳೆಲ್ಲ ಹೀಗೆ ಬಾಗಿಲು ತೆರೆದುಕೊಂಡವು. ಆ ಸಾಲನ್ನು ನಾನೇ ನೋಡಿದ್ದರೂ ಅದರ ಬೆಲೆ ತಿಳಿಯುತ್ತಿರಲಿಲ್ಲವೇನೋ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮಾತ್ರ 2001ರಲ್ಲೇ ಸಂಕೇತದ ನಡುವೆಯೂ ಬಳಸಬಹುದಾದ ಲಾಗ್ ಕಾರ್ಯವನ್ನು ಬರೆದುಕೊಂಡಿತ್ತು, ಅದರಿಂದ ಪಾರಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಆ ಎಚ್ಚರಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಗುಬ್ಬಚ್ಚಿಯಲ್ಲಿ ಅಪ್‌ಡೇಟ್ ಸರಾಗವಾಗಿ ಆಯಿತು. ಒಂದು ಟರ್ಮಿನಲ್‌ನಲ್ಲಿ ಒಳಹೊಕ್ಕು ಆ ಸಂಪರ್ಕವನ್ನು ಹಾಗೆಯೇ ಉಳಿಸಿಕೊಂಡೆ. ಪ್ಯಾಕೇಜ್ ಏರಿಸಿದೆ, ಸೇವೆ ತಾನೇ ಮರುಪ್ರಾರಂಭವಾಯಿತು. ಆಮೇಲೆ ಎರಡನೇ ಟರ್ಮಿನಲ್‌ನಿಂದ ಹೊಸದಾಗಿ ಒಳಬಂದು ನೋಡಿ, ಮೊದಲನೆಯದನ್ನು ಮುಚ್ಚಿದೆ. ಈ ಕ್ರಮವನ್ನು ಯಾವತ್ತೂ ಬಿಡುವುದಿಲ್ಲ. ಡೆಬಿಯನ್ ಹಳೆಯ ಆವೃತ್ತಿಗೇ ತೇಪೆ ಹಚ್ಚಿ ಕೊಡುವುದರಿಂದ 9.2ಪಿ1 ಎಂಬ ಅಂಕಿ ಬದಲಾಗುವುದಿಲ್ಲ, ಬಾಲದಲ್ಲಿ ಡೆಬ್12ಯು2 ಇದ್ದದ್ದು ಡೆಬ್12ಯು3 ಆಗುತ್ತದೆ. ದೋಷ ತಿದ್ದಿ ಬಂದ 9.8 ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ, ಬಾಲವನ್ನು ಓದಬೇಕು.

ಜುಲೈ 2

ಮೈನಾ ಮತ್ತು ಕೋಗಿಲೆ, ಎರಡೂ ಉಬುಂಟು 22.04. ಹತ್ತು ನಿಮಿಷದ ಕೆಲಸ. ಕೊಕ್ಕರೆಯಲ್ಲಿ ಇನ್ನೂ ಡೆಬಿಯನ್ 11 ಇದೆ, ಅದರ 8.4ಪಿ1ರಲ್ಲಿ ಈ ದೋಷವೇ ಇಲ್ಲ.

ಮಿಂಚುಳ್ಳಿಯಲ್ಲಿರುವುದು ರೆಡ್ ಹ್ಯಾಟ್ 9 ಲಿನಕ್ಸ್‌ನ ಮೂಲದಿಂದ ಬೇರೆಯವರು ಮಾಡಿದ ಮರುನಿರ್ಮಾಣ, ಅದರ ಓಪನ್‌ಎಸ್‌ಎಸ್‌ಎಚ್ 8.7ಪಿ1. ಅದಕ್ಕೆ ತೇಪೆ ಇನ್ನೂ ಬಂದಿಲ್ಲ. ಬರುವತನಕ ಲಾಗಿನ್‌ಗ್ರೇಸ್‌ಟೈಮ್ ಅನ್ನು ಸೊನ್ನೆ ಮಾಡಿದೆ. ಗಡುವೇ ಇಲ್ಲದಿದ್ದರೆ ಅಲಾರಂ ಇಲ್ಲ, ಅಲಾರಂ ಇಲ್ಲದಿದ್ದರೆ ದೋಷಕ್ಕೆ ದಾರಿ ಇಲ್ಲ. ಸಂರಚನೆಯ ಕಡತವನ್ನು ತಿದ್ದಿದ ಮೇಲೆ ಪರೀಕ್ಷಾ ಆಯ್ಕೆಯಿಂದ ಎಸ್‌ಎಸ್‌ಎಚ್‌ಡಿಯ ಬಾಯಲ್ಲೇ ಸರಿ ಎನಿಸಿಕೊಂಡು, ಆಮೇಲಷ್ಟೇ ಮರುಪ್ರಾರಂಭಿಸಿದೆ.

ಜುಲೈ 3

ಸೊನ್ನೆಗೆ ಒಂದು ಬೆಲೆ ಇದೆಯೆಂದು ಓದಿದ್ದೆ, ಇಂದು ಕಂಡೆ. ಬೆಳಿಗ್ಗೆ ಮಿಂಚುಳ್ಳಿಗೆ ಹೋಗಲು ಮೂರು ಸಲ ಯತ್ನಿಸಿದೆ, ಮೂರು ಸಲವೂ ಸಂಪರ್ಕ ಕಡಿದುಹೋಯಿತು. ನಿನ್ನೆಯಿಂದ ತೆರೆದೇ ಇಟ್ಟಿದ್ದ ಸಂಪರ್ಕದಲ್ಲಿ ನೋಡಿದರೆ, ಹೆಸರನ್ನೂ ಹೇಳದೆ ಸುಮ್ಮನೆ ನಿಂತ ಸಂಪರ್ಕಗಳ ಉದ್ದನೆಯ ಸಾಲು. ಹೊರಗೆ ಹಾಕುವ ಗಡುವನ್ನೇ ತೆಗೆದಿದ್ದೇನಲ್ಲ, ಬಂದವರು ಬಂದಲ್ಲೇ ಕುಳಿತಿದ್ದಾರೆ. ಹೀಗೆ ಕಾಯುವ ಸಂಪರ್ಕಗಳಿಗೆ ಮಿತಿ ಹಾಕುವ ಮ್ಯಾಕ್ಸ್‌ಸ್ಟಾರ್ಟಪ್ಸ್‌ನ ಸಹಜ ಮೌಲ್ಯ 10:30:100. ಗುರುತು ಸಾಬೀತಾಗದ ಸಂಪರ್ಕಗಳು ಹತ್ತಾದಾಗಿನಿಂದ ಹೊಸಬರನ್ನು ಶೇಕಡಾ 30ರ ಸಂಭವದಲ್ಲಿ ತಿರಸ್ಕರಿಸಲು ತೊಡಗುತ್ತದೆ, ಸಾಲು ಬೆಳೆದಂತೆ ತಿರಸ್ಕಾರವೂ ಬೆಳೆಯುತ್ತದೆ, ನೂರಾದರೆ ಯಾರಿಗೂ ಪ್ರವೇಶವಿಲ್ಲ. ನಿಂತವರನ್ನು ಕೊಂದು, ಫೈರ್‌ವಾಲ್‌ನಲ್ಲಿ ನನ್ನ ವಿಳಾಸಗಳಿಗೆ ಮಾತ್ರ 22 ತೆರೆದೆ. ಇದನ್ನು ನಿನ್ನೆಯೇ ಮಾಡಬೇಕಿತ್ತು. ಸೊನ್ನೆಯನ್ನು ಫೈರ್‌ವಾಲ್ ಇಲ್ಲದೆ ಬಳಸುವುದೆಂದರೆ ಕಳ್ಳನನ್ನು ತಡೆಯಲು ಹೋಗಿ ಮನೆಯವರನ್ನೇ ಹೊರಗಿಟ್ಟಂತೆ.

ಜುಲೈ 5

ಗೂಬೆಯ ಸರದಿ. ಇದನ್ನು ವಿವರವಾಗಿ ಬರೆದಿಡಬೇಕು.

64 ಬಿಟ್, ಡೆಬಿಯನ್ 12. ಪ್ಯಾಕೇಜ್ ಏರಿಸಿದೆ. ಯಾವ ಆವೃತ್ತಿ ಇದೆ ಎಂದು ಕೇಳಿದರೆ ಡೆಬ್12ಯು3 ಎಂದಿತು. ಪಟ್ಟಿಯಲ್ಲಿ ಗುರುತು ಹಾಕಿ ಏಳುವವನಿದ್ದೆ. ಉಳಿದ ಯಂತ್ರಗಳಿಗೆಲ್ಲ ಹೊರಗಿನಿಂದ ಎನ್‌ಸಿ ಎಂಬ, ಸಂಪರ್ಕ ತೆರೆದು ನೋಡುವ ಆಜ್ಞೆ ಬಳಸಿ 22ನೇ ಪೋರ್ಟ್ ಮುಟ್ಟಿ, ಅದು ಮೊದಲು ಆಡುವ ಸಾಲನ್ನು ಓದಿದ್ದೆ. ಇದಕ್ಕೂ ಆಗಲಿ ಎಂದು ಮುಟ್ಟಿದೆ. ಬಂದ ಉತ್ತರ: ಎಸ್‌ಎಸ್‌ಎಚ್-2.0-ಓಪನ್‌ಎಸ್‌ಎಸ್‌ಎಚ್_9.3.

ಆ ಸಾಲನ್ನು ಎರಡು ಸಲ ಓದಿದೆ. 9.2 ಅಲ್ಲ, 9.3. ಅಂಕಿಯ ಪಕ್ಕದಲ್ಲಿ ಪಿ1 ಇಲ್ಲ, ಡೆಬಿಯನ್ ಎಂಬ ಪದವಿಲ್ಲ, ಬಾಲವೇ ಇಲ್ಲ. ಒಳಗೆ ಹೋಗಿ 22ನೇ ಪೋರ್ಟ್ ಹಿಡಿದಿರುವ ಪ್ರಕ್ರಿಯೆಯ ಸಂಖ್ಯೆ ಹುಡುಕಿದೆ. ಓಡುತ್ತಿರುವ ಪ್ರಕ್ರಿಯೆಗಳ ವಿವರವಿರುವ ಪ್ರಾಕ್ ಕೋಶದಲ್ಲಿ ಆ ಸಂಖ್ಯೆಯ ಕೆಳಗೆ ಎಕ್ಸ್‌ಇ ಎಂಬ ಕೊಂಡಿ ಇರುತ್ತದೆ, ಓಡುತ್ತಿರುವುದು ಡಿಸ್ಕಿನ ಯಾವ ಕಡತ ಎಂದು ಅದು ಹೇಳುತ್ತದೆ. ಕೊಂಡಿ ತೋರಿಸಿದ್ದು ಪ್ಯಾಕೇಜ್ ಇಟ್ಟ ಎಸ್‌ಎಸ್‌ಎಚ್‌ಡಿಯನ್ನಲ್ಲ, ಲೋಕಲ್ ಕೋಶದೊಳಗಿನ ಇನ್ನೊಂದನ್ನು. ಕಡತದ ತಾರೀಖು 2023. ಆಗ ನೆನಪಾಯಿತು: ಆ ವರ್ಷ 9.3 ಬಂದಾಗ, ಮೂಲದಿಂದ ಕಟ್ಟಿ ನೋಡುವ ಆಸೆಯಿಂದ ನಾನೇ ಕಟ್ಟಿ, ಅದಕ್ಕೊಂದು ಸೇವಾ ಕಡತ ಬರೆದು, ಪ್ಯಾಕೇಜಿನ ಸೇವೆಯನ್ನು ನಿಲ್ಲಿಸಿದ್ದೆ. ಏಕೆ, ಎಷ್ಟು ದಿನಕ್ಕೆ ಎಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಪ್ಯಾಕೇಜ್ ವ್ಯವಸ್ಥೆ ಸುಳ್ಳು ಹೇಳಿರಲಿಲ್ಲ. ತಾನಿಟ್ಟ ಕಡತಕ್ಕೆ ತೇಪೆ ಬಿದ್ದಿದೆ ಎಂದಿತ್ತು, ಅದು ನಿಜ. ಆ ಕಡತವನ್ನು ಯಾರೂ ಓಡಿಸುತ್ತಿರಲಿಲ್ಲ, ಅಷ್ಟೆ. ಹೊರಗಿನಿಂದ ಮುಟ್ಟಿ ನೋಡದಿದ್ದರೆ ಗೂಬೆ ದೋಷದೊಂದಿಗೇ ವರ್ಷಗಟ್ಟಲೆ ಕುಳಿತಿರುತ್ತಿತ್ತು, ನಾನು ನೆಮ್ಮದಿಯಿಂದ ಇರುತ್ತಿದ್ದೆ. ಇದನ್ನು ಬರೆಯುವಾಗಲೂ ಎದೆ ಭಾರವಾಗುತ್ತದೆ.

ಪ್ಯಾಕೇಜಿನ ಸೇವೆಯನ್ನು ಮೊದಲು 2222ರಲ್ಲಿ ಎಬ್ಬಿಸಿ ಒಳಬಂದು ನೋಡಿದೆ. ಹಳೆಯದು ತನ್ನದೇ ಸಂರಚನೆಯ ಕಡತವನ್ನು ಓದುತ್ತಿತ್ತು. ಪಾಸ್‌ವರ್ಡ್ ಬೇಡ, ಕೀಲಿ ಮಾತ್ರ ಸಾಕೆಂಬ ನನ್ನ ಸಾಲು ಅದರಲ್ಲಷ್ಟೇ ಇತ್ತು. ಅದನ್ನು ಇತ್ತ ತಂದು, ಹಳೆಯದನ್ನು ನಿಲ್ಲಿಸಿ, ಹೊಸದನ್ನು 22ಕ್ಕೆ ಸರಿಸಿದೆ. ಮತ್ತೆ ಹೊರಗಿನಿಂದ ಮುಟ್ಟಿದೆ: ಡೆಬಿಯನ್-2+ಡೆಬ್12ಯು3. ಆಮೇಲೆ ಲೋಕಲ್ ಕೋಶದ ಕಡತವನ್ನೂ ಅದರ ಸೇವಾ ಕಡತವನ್ನೂ ಅಳಿಸಿದೆ. ಹಿಂದಿನ ವಾರದ ಲಾಗ್ ತೆರೆದು, ಗುರುತು ಸಾಬೀತಾಗುವ ಮುನ್ನ ಗಡುವು ಮೀರಿದ ಸಾಲುಗಳನ್ನು ಎಣಿಸಿದೆ. ಈ ದಾಳಿ ಸಾವಿರಾರು ಅಂಥ ಸಾಲುಗಳನ್ನು ಬಿಟ್ಟುಹೋಗುತ್ತದೆ. ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಮಿಂಚುಳ್ಳಿಗೂ ತೇಪೆ ಬಂದಿತ್ತು, ಹಾಕಿದೆ. ಸೊನ್ನೆಯನ್ನು ತೆಗೆಯುವ ಕೆಲಸ ಮಾತ್ರ ನಾಳೆಗೆ ಎಂದು ಬಿಟ್ಟೆ.

ಜುಲೈ 9

ಬಿಟ್ಟದ್ದೇ ಒಳ್ಳೆಯದಾಯಿತು. ನಿನ್ನೆ ಸೋಲಾರ್ ಡಿಸೈನರ್ ಎಂದೇ ಹೆಸರಾದ ಅಲೆಕ್ಸಾಂಡರ್ ಪೆಸ್ಲ್ಯಾಕ್ ಇನ್ನೊಂದನ್ನು ಪ್ರಕಟಿಸಿದ್ದಾರೆ: ಸಿವಿಇ-2024-6409. ರೆಡ್ ಹ್ಯಾಟ್ 9ರ 8.7ಪಿ1ರಲ್ಲಿ ಲೆಕ್ಕಪರಿಶೋಧನೆಗಾಗಿ ಸೇರಿಸಿದ ತುಣುಕೊಂದು, ಅದೇ ಅಲಾರಂ ಬಂದಾಗ, ಕರೆಯಬಾರದ ಕೆಲಸಗಳನ್ನು ಕರೆಯುತ್ತದೆ. ಇದು ಅಧಿಕಾರ ಕಡಿಮೆಯಿರುವ ಮರಿ ಪ್ರಕ್ರಿಯೆಯಲ್ಲಿ ನಡೆಯುವುದರಿಂದ ತೀವ್ರತೆ ಕಡಿಮೆ. ಗಡುವನ್ನು ಸೊನ್ನೆ ಮಾಡುವ ಉಪಾಯ ಇದಕ್ಕೂ ನಡೆಯುತ್ತದೆ. ಸೊನ್ನೆ ಅಲ್ಲೇ ಇರಲಿ. ಈ ಸಲ ಅದರ ಮೇಲೊಂದು ಟಿಪ್ಪಣಿ ಬರೆದೆ: ಯಾವ ದೋಷಕ್ಕಾಗಿ, ಯಾವ ದಿನ, ಯಾವಾಗ ತೆಗೆಯಬೇಕು.

ಜುಲೈ 20

ಮಿಂಚುಳ್ಳಿಗೆ ಎರಡನೇ ತೇಪೆಯೂ ಬಿತ್ತು. ಟಿಪ್ಪಣಿ ಹೇಳಿದಂತೆ ಸೊನ್ನೆಯನ್ನು ತೆಗೆದು 120ಕ್ಕೆ ಮರಳಿಸಿದೆ, ಟಿಪ್ಪಣಿಯನ್ನೂ ಅಳಿಸಿದೆ. ಫೈರ್‌ವಾಲ್ ನಿಯಮವನ್ನು ಮಾತ್ರ ಉಳಿಸಿಕೊಂಡೆ.

ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಪ್ರತಿ ರಾತ್ರಿ ಆರೂ ಯಂತ್ರಗಳಿಗೆ ಮೂರು ಪ್ರಶ್ನೆ: ಪ್ಯಾಕೇಜ್ ಪಟ್ಟಿ ಏನನ್ನುತ್ತದೆ, ಎಕ್ಸ್‌ಇ ಕೊಂಡಿ ಎತ್ತ ತೋರಿಸುತ್ತದೆ, ಹೊರಗಿನಿಂದ ಮುಟ್ಟಿದರೆ ಮೊದಲ ಸಾಲು ಯಾವುದು. ಮೂರೂ ಹೊಂದದಿದ್ದರೆ ನನಗೆ ಪತ್ರ. ಕೊಂಡಿಯ ಕೊನೆಯಲ್ಲಿ ಡಿಲೀಟೆಡ್ ಎಂದಿದ್ದರೂ ಪತ್ರ. ಏಕೆಂದರೆ ಡಿಸ್ಕಿನಲ್ಲಿ ಹೊಸದು ಬಂದಿದೆ, ಮೆಮೊರಿಯಲ್ಲಿ ಹಳೆಯದೇ ಓಡುತ್ತಿದೆ ಎಂದು ಅದರ ಅರ್ಥ.

ಮುಂದಿನದು ಕೊಕ್ಕರೆ. ಈ ಸಲ ಅದು ಹಳೆಯದಾಗಿದ್ದರಿಂದಲೇ ಪಾರಾಯಿತು. ಡೆಬಿಯನ್ 11ರ ನಿತ್ಯದ ಭದ್ರತಾ ಬೆಂಬಲ ಆಗಸ್ಟ್ 14ಕ್ಕೆ ಮುಗಿದು ದೀರ್ಘಾವಧಿ ತಂಡದ ಕೈಗೆ ಹೋಗುತ್ತದೆ. ಅಷ್ಟರೊಳಗೆ ಅದನ್ನು 12ಕ್ಕೆ ಏರಿಸಬೇಕು. ಇಂದು ಅದರ ಬ್ಯಾಕಪ್ ಅನ್ನು ಗುಬ್ಬಚ್ಚಿಯಿಂದ ಇಳಿಸಿ ಬೇರೊಂದು ಡಿಸ್ಕಿನಲ್ಲಿ ತೆರೆದು ನೋಡಿದೆ. ಕಡತಗಳೆಲ್ಲ ಇವೆ.