ಹದಿನೇಳನೆಯ ಹಸು

ಕಾಲುಬಾಯಿ ಲಸಿಕೆಯ ಶಿಬಿರ ಬೆಳಗ್ಗೆ ಆರೂವರೆಗೆ ಶುರು. ದನಗಳನ್ನು ಮೇಯಲು ಬಿಡುವ ಮುಂಚೆ ಮುಗಿಸಬೇಕು. ಲಸಿಕೆ ಡಬ್ಬದ ಥರ್ಮಾಮೀಟರು 5 ಡಿಗ್ರಿ ತೋರಿಸಿತು. ಗಂಟೆ ಎಷ್ಟೆಂಬುದರ ಜೊತೆ ಅದನ್ನು ಬರೆದುಕೊಂಡ ಮೇಲೆಯೇ ಮೊದಲ ಬಾಟಲಿ ಹೊರಗೆ. 2ರಿಂದ 8 ಡಿಗ್ರಿ ಎಂಬುದು ಎಲ್ಲರಿಗೂ ಬಾಯಿಪಾಠ. ಐಸ್ ಪ್ಯಾಕಿಗೆ ತಾಗಿ ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ ಎಂಬುದು ಮಾತ್ರ ಮರೆತುಹೋಗುತ್ತದೆ. ನಡುವೆ ಒಂದು ಮಡಿಕೆ ನ್ಯೂಸ್‌ಪೇಪರ್ ಸಾಕು.

ಸೂಜಿ ಹಾಕಿದ ಹತ್ತು ನಿಮಿಷಕ್ಕೆ ಹದಿನೇಳನೆಯ ಹಸು ನಡುಗಿತು, ಜೊಲ್ಲು ಸುರಿಸಿತು, ರೆಪ್ಪೆ ಊದಿ ಕುಸಿಯಿತು. ಲಸಿಕೆ ಮೈಗೆ ಒಗ್ಗದೆ ಹೀಗಾದಾಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀಪಿನಲ್ಲಲ್ಲ, ಜೇಬಿನಲ್ಲೇ ಇತ್ತು. 400 ಕಿಲೋ ಹಸುವಿಗೆ 1:1000 ದ್ರಾವಣ 4ರಿಂದ 8 ಮಿಲಿ, ಮಾಂಸಖಂಡಕ್ಕೆ. ‘ಆರು ತಿಂಗಳ ಗಬ್ಬ ಸಾ’ ಎಂದು ಯಜಮಾನಿ ಮೊದಲೇ ಹೇಳಿದ್ದರಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಟ್ಟಲಿಲ್ಲ. ಗಬ್ಬ ಬಲಿತ ಹಸು ಅದರಿಂದ ಕಂದು ಹಾಕಬಹುದು. ಅರ್ಧ ಗಂಟೆಗೆ ಎದ್ದು ನಿಂತಿತು.

ಸತ್ತಿದ್ದರೆ? ಲಸಿಕೆಗೆ ಮೈ ಒಗ್ಗದೆ ಸತ್ತರೆ ಅಷ್ಟರಿಂದಲೇ ನಿರ್ಲಕ್ಷ್ಯ ಆಗದು. ಆ ವೃತ್ತಿಯ ಸಾಧಾರಣ ನುರಿತವರು ಮಾಡುವಷ್ಟನ್ನು ಪಶುವೈದ್ಯರು ಮಾಡಿದ್ದಾರೆಯೇ ಎಂಬುದೇ ಅಳತೆ. ಮನುಷ್ಯರ ವೈದ್ಯರ ವಿಷಯದಲ್ಲಿ ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದ್ದು ಇದನ್ನೇ. ಹಾಗಾಗಿ ಪ್ರಶ್ನೆ ಹೀಗೆ ಬರುತ್ತದೆ: ಗಬ್ಬ, ಜ್ವರ ವಿಚಾರಿಸಿದಿರಾ, ಬಾಟಲಿಯ ಅವಧಿ ನೋಡಿದಿರಾ, ಅಡ್ರಿನಲಿನ್ ಇತ್ತಾ, ಸೂಜಿ ಹಿಡಿದವರು ಯಾರು? ಕೊನೆಯದಕ್ಕೆ ‘ಅಟೆಂಡರ್ ಒಬ್ಬನೇ ಹೋಗಿದ್ದ’ ಎಂದರೆ ಪಶುವೈದ್ಯ ವೃತ್ತಿಯನ್ನು ಯಾರು ನಡೆಸಬಹುದೆಂದು ಹೇಳುವ 1984ರ ಪಶುವೈದ್ಯ ಪರಿಷತ್ತಿನ ಕಾಯ್ದೆಯೇ ಎದುರು ನಿಲ್ಲುತ್ತದೆ. ಊರಿಗೆಲ್ಲ ಉಚಿತವಾಗಿ ಹಾಕಿದ ಲಸಿಕೆಗೆ ಗ್ರಾಹಕ ಆಯೋಗದ ದಾರಿ ಇಲ್ಲ. ಫೀಸು ಪಡೆದ ಖಾಸಗಿ ಕ್ಲಿನಿಕ್ಕಿನ ಮೇಲೆ 2 ವರ್ಷದೊಳಗೆ ದೂರು ಹಾಕಬಹುದು.

ಸತ್ತ ಹಸುವನ್ನು ಅಂದೇ ಕೊಯ್ದು ನೋಡಬೇಕು. ಮೂಗು, ಗುದದಿಂದ ಕಪ್ಪು ರಕ್ತ ಒಸರಿದ್ದರೆ ಮಾತ್ರ ಕೊಯ್ಯುವಂತಿಲ್ಲ, ನೆರಡಿ ರೋಗದ (ಆಂಥ್ರಾಕ್ಸ್) ಗುಮಾನಿ. ಕಿವಿಯ ರಕ್ತವನ್ನು ಗಾಜಿಗೆ ಸವರಿ ನೋಡುವ ಸ್ಮಿಯರ್ ಪರೀಕ್ಷೆ ಮೊದಲು. ಇಬ್ಬರು ಸಾಕ್ಷಿಗಳ ಮುಂದೆ ಮಹಜರು. ಉಳಿದ ಬಾಟಲಿಯನ್ನು ಗಾಬರಿಯಲ್ಲಿ ಎಸೆಯುವವರೇ ಹೆಚ್ಚು. ಅದು ಪಶುವೈದ್ಯರ ಪರವಾಗಿ ಮಾತಾಡುವ ವಸ್ತು. ಅದೇ ಬ್ಯಾಚಿನ ತೆರೆಯದ ಇನ್ನೊಂದರ ಜೊತೆ ತಣ್ಣಗೇ ಇಡಬೇಕು.

ಸಂಜೆ ಹೋದಾಗ ಹದಿನೇಳನೆಯದು ಮೆಲುಕು ಹಾಕುತ್ತಿತ್ತು. ಹಸುವಿನ ಗುರುತಿನ ಕಿವಿಯೋಲೆಯ 12 ಅಂಕಿ, ಬ್ಯಾಚ್ ನಂಬರು, ಅಡ್ರಿನಲಿನ್ ಕೊಟ್ಟ ಹೊತ್ತು, ಹಾಲು ಅರ್ಧಕ್ಕೆ ಇಳಿದದ್ದು, ಎಲ್ಲ ಬರೆದು ಯಜಮಾನಿಯ ಸಹಿ ಹಾಕಿಸಿಕೊಂಡದ್ದಾಯಿತು.