ವಿಂಚೆಸ್ಟರ್‌ಗೆ ಹೋಗೋ ಮುಂಚೆ ಒಂದು ಹಾಳೇಲಿ ವಂಶವೃಕ್ಷ ಬರ್ಕೊಳ್ಳಿ

ಈ ಸಲ ಲಂಡನ್ನಲ್ಲಿರೋ ಅಕ್ಕನ ಮನೆಗೆ ಹೋದಾಗ ನಾಲ್ಕು ದಿನ ಬಿಡುವು ಮಾಡ್ಕೊಂಡು ಆಂಗ್ಲೋ-ಸ್ಯಾಕ್ಸನ್ ರಾಜರನ್ನ (1066ಕ್ಕೆ ಮುಂಚೆ ಇಂಗ್ಲೆಂಡ್ ಆಳ್ತಿದ್ದೋರು) ಹೂತಿರೋ ಊರುಗಳನ್ನ ನೋಡ್ಕೊಂಡು ಬಂದೆ, ಹೋಗ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮೊದಲನೇ ಮಾತು, ಹಿಂದಿನ ರಾತ್ರಿ ಕೂತು ವೆಸೆಕ್ಸ್ (ದಕ್ಷಿಣ ಇಂಗ್ಲೆಂಡಿನ ಹಳೇ ರಾಜ್ಯ) ರಾಜಮನೆತನದ ವಂಶವೃಕ್ಷ ಕೈಯಲ್ಲೇ ಬರ್ಕೊಳ್ಳಿ. ಎಥೆಲ್‌ವುಲ್ಫ್, ಅವನ ಮಕ್ಕಳು ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್‌ರೆಡ್, ಆಮೇಲೆ ಆಲ್ಫ್ರೆಡ್, ಅವನ ಮೊಮ್ಮಗ ಎಥೆಲ್‌ಸ್ಟನ್, ಹೀಗೆ ಎಲ್ಲಾ ಒಂದೇ ಥರ ಕೇಳ್ಸುತ್ತೆ. ಎಥೆಲ್ ಅಂದ್ರೆ ಅವರ ಭಾಷೇಲಿ ಕುಲೀನ ಅಂತ, ಮನೆತನದ ಗುರುತಿನ ಹಾಗೆ ಮಕ್ಕಳ ಹೆಸರಿಗೆ ಸೇರಿಸ್ತಿದ್ರು. ಹಾಳೆ ಕೈಯಲ್ಲಿಲ್ಲದೆ ಹೋದ್ರೆ ಅರ್ಧ ಗಂಟೇಲಿ ತಲೆ ಗಿರ್ ಅನ್ನುತ್ತೆ. ಹೆಣ್ಣುಮಕ್ಕಳಿಗೂ ಜಾಗ ಬಿಟ್ಟು ಬರೀರಿ, ನಾನು ಮೊದಲು ಬರೀ ಗಂಡುಮಕ್ಕಳನ್ನ ಬರ್ದಿದ್ದೆ, ಎರಡನೇ ರಾತ್ರಿ ಪೂರ್ತಿ ಹೊಸದಾಗಿ ಬರೀಬೇಕಾಯ್ತು.

ವಾಟರ್ಲೂ ಸ್ಟೇಷನ್ನಿಂದ ವಿಂಚೆಸ್ಟರ್‌ಗೆ ಟ್ರೇನಲ್ಲಿ ಸುಮಾರು ಒಂದು ಗಂಟೆ, ಸ್ಟೇಷನ್ನಿಂದ ಕ್ಯಾಥೆಡ್ರಲ್‌ಗೆ ನಡ್ಕೊಂಡೇ ಹೋಗ್ಬಹುದು. ನಾನು ಮಧ್ಯಾಹ್ನ ಊಟ ಮುಗಿಸಿ ನಿಧಾನಕ್ಕೆ ಹೋದೆ, ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಸಂಜೆ ಪ್ರಾರ್ಥನೆ ಶುರುವಾಗಿ ಪೂಜಾಪೀಠದ ಕಡೆ ಬಿಡ್ಲಿಲ್ಲ, ಅದಕ್ಕೇ ಮಾರನೇ ದಿನ ಮತ್ತೆ ಹೋದೆ. ವಾರದ ದಿನ ಬೆಳಿಗ್ಗೇನೇ ಹೋಗಿ, ಭಾನುವಾರ ಬೇಡ. ಟಿಕೆಟ್ ಇದೆ.

ಒಳಗೆ ನೋಡ್ಲೇಬೇಕಾಗಿರೋದು ರಾಜರ ಮೂಳೆ ಇಟ್ಟಿರೋ ಆರು ಮರದ ಪೆಟ್ಟಿಗೆ. ಎಗ್ಬರ್ಟ್, ಎಥೆಲ್‌ವುಲ್ಫ್, ಕ್ನೂಟ್ ಇಂಥವರ ಹೆಸರೆಲ್ಲ ಬರ್ದಿರೋ ಪೆಟ್ಟಿಗೆಗಳು. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಟೈಮಲ್ಲಿ ಪಾರ್ಲಿಮೆಂಟ್ ಕಡೆ ಸೈನಿಕರು ಮೂಳೆಗಳನ್ನೆಲ್ಲ ಎಸೆದಾಡಿದ್ರು, ಆಮೇಲೆ ಯಾರದ್ದು ಯಾವುದು ಅಂತ ಗೊತ್ತಾಗದೆ ಸಿಕ್ಕಿದ್ದನ್ನ ಸಿಕ್ಕ ಪೆಟ್ಟಿಗೆಗೆ ತುಂಬಿಟ್ರು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಒಂದೊಂದೇ ಮೂಳೆ ಬೇರೆ ಮಾಡಿ ಕಡೇಪಕ್ಷ 23 ಜನರದ್ದು ಇದೆ ಅಂತ 2019ರಲ್ಲಿ ಹೇಳಿದ್ರು. ಅದರಲ್ಲಿ ಬೇರೆ ಬೇರೆ ಪೆಟ್ಟಿಗೇಲಿ ಚದುರಿಹೋಗಿದ್ದ ವಯಸ್ಸಾದ ಒಬ್ಬ ಹೆಂಗಸಿನ ಮೂಳೆಗಳು ರಾಣಿ ಎಮ್ಮಾದೇ ಇರ್ಬಹುದು ಅಂತಾರೆ. ಸಂಶೋಧನೆಗೆ ಅಂತ ಪೆಟ್ಟಿಗೆಗಳನ್ನ ಜಾಗ ಬದಲಾಯಿಸಿದ್ದೂ ಇದೆ, ಹೋದ ತಕ್ಷಣ ಅಲ್ಲಿರೋರನ್ನ ಕೇಳಿಬಿಡಿ.

ಈ ಎಮ್ಮಾ ಯಾರು ಅಂತ ತಿಳ್ಕೊಂಡು ಆ ಪೆಟ್ಟಿಗೆಗಳ ಮುಂದೆ ನಿಂತ್ಕೊಳ್ಳಿ. ಈಗಿನ ಫ್ರಾನ್ಸಿನಲ್ಲಿರೋ ನಾರ್ಮಂಡಿಯ ದೊರೆಯ ಮಗಳು, 1002ರಲ್ಲಿ ರಾಜ ಎರಡನೇ ಎಥೆಲ್‌ರೆಡ್‌ನ ಮದುವೆಯಾಗಿ ಬಂದ್ಲು, ಅವನು 1016ರಲ್ಲಿ ತೀರ್ಕೊಂಡ, ಮಾರನೇ ವರ್ಷ ಇಂಗ್ಲೆಂಡನ್ನ ಗೆದ್ದ ಡೇನ್ (ಡೆನ್ಮಾರ್ಕಿನ) ರಾಜ ಕ್ನೂಟ್‌ನನ್ನೇ ಮದುವೆಯಾದ್ಲು. ಎರಡನೇ ಗಂಡನ ಮಗ ಹಾರ್ಥಕ್ನೂಟ್ ರಾಜ ಆದ, ಅವನಾದ್ಮೇಲೆ ಮೊದಲನೇ ಗಂಡನ ಮಗ ಎಡ್ವರ್ಡ್ ರಾಜ ಆದ. ಅವಳ ಅಣ್ಣನ ಮೊಮ್ಮಗನೇ ವಿಲಿಯಂ, 1066ರಲ್ಲಿ ಇಂಗ್ಲೆಂಡನ್ನ ಗೆದ್ದೋನು! ಶಾಲೇಲಿ 1066 ಅಂದ್ರೆ ಯುದ್ಧ ಅಂತಷ್ಟೇ ಓದಿದ್ದೆ, ಅದರ ಹಿಂದೆ ಇಂಥ ಒಂದು ನೆಂಟಸ್ತಿಕೆ ಇತ್ತು ಅಂತ ತಿಳಿದಾಗ ಮೈ ಜುಂ ಅಂತು.

ಹೊರಗೆ ಬಂದ್ರೆ ಉತ್ತರದ ಕಡೆ ಹುಲ್ಲಿನ ಮೇಲೆ ಇಟ್ಟಿಗೆ ಗೆರೆ ಕಾಣುತ್ತೆ, ಅದು ಹಳೇ ಸ್ಯಾಕ್ಸನ್ ಚರ್ಚಿನ ತಳಪಾಯದ ಗುರುತು, ಎಲ್ಲರೂ ತುಳ್ಕೊಂಡು ಹೋಗ್ತಾರೆ. ಅಲ್ಲಿಂದ ಹೈಡ್ ಅಬ್ಬೆ (ಅಬ್ಬೆ ಅಂದ್ರೆ ಕ್ರೈಸ್ತ ಮಠ) ತೋಟಕ್ಕೆ ನಡೀರಿ, ದುಡ್ಡು ಕೊಡ್ಬೇಕಾಗಿಲ್ಲ. ಆಲ್ಫ್ರೆಡ್, ಹೆಂಡತಿ ಎಲ್‌ಸ್ವಿತ್, ಮಗ ಎಡ್ವರ್ಡ್ (ಎಮ್ಮಾ ಮಗನಲ್ಲ, ಅವನಿಗಿಂತ ಹಿಂದಿನೋನು), ಮೂವರಿಗೂ ಮೂರು ಕಲ್ಲಿನ ಚಪ್ಪಡಿ. 1110ರಲ್ಲಿ ಅವರ ಮೂಳೆಗಳನ್ನ ಇಲ್ಲಿಗೆ ತಂದ್ರು, ಆಮೇಲೆ ಮಠ ಹೋಯ್ತು, 1788ರಲ್ಲಿ ಜೈಲು ಕಟ್ಟೋವಾಗ ಸಮಾಧಿಗಳೂ ಹೋದ್ವು. ಹಳೇ ಉತ್ಖನನದ ಒಂದು ಸೊಂಟದ ಮೂಳೆ ಮ್ಯೂಸಿಯಂ ಡಬ್ಬೀಲಿ ಬಿದ್ದಿತ್ತು, ಅದು ಆಲ್ಫ್ರೆಡ್‌ದೋ ಎಡ್ವರ್ಡ್‌ದೋ ಇರ್ಬಹುದು ಅಂತ 2014ರಲ್ಲಿ ಗೊತ್ತಾಯ್ತು. ಕ್ಯಾಥೆಡ್ರಲ್‌ಗಿಂತ ನನಗೆ ಈ ಚಿಕ್ಕ ತೋಟಾನೇ ಹೆಚ್ಚು ಹತ್ತಿರ ಅನ್ನಿಸ್ತು, ಗಂಡ ಹೆಂಡತಿ ಮಗ ಒಂದೇ ಕಡೆ.

ಮೂರನೇ ದಿನ ಶೆರ್ಬರ್ನ್. ಸಾಲ್ಸ್‌ಬರಿ ಮೇಲೆ ಹೋಗೋ ಟ್ರೇನ್, ಅಬ್ಬೆ ಸ್ಟೇಷನ್ ಹತ್ರಾನೇ. ಆಲ್ಫ್ರೆಡ್‌ನ ಇಬ್ಬರು ಅಣ್ಣಂದಿರು ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್ ಇಲ್ಲಿ ಮಣ್ಣಾಗಿದ್ದು. ಇವರಪ್ಪ ಎಥೆಲ್‌ವುಲ್ಫ್ 856ರಲ್ಲಿ ಫ್ರಾಂಕರ (ಈಗಿನ ಫ್ರಾನ್ಸ್ ಕಡೆಯೋರು) ರಾಜನ ಮಗಳು ಜೂಡಿತ್‌ನ ಮದುವೆಯಾಗಿದ್ದ, ಎರಡೇ ವರ್ಷಕ್ಕೆ ತೀರ್ಕೊಂಡ, ಆಗ ಈ ಎಥೆಲ್‌ಬಾಲ್ಡ್ ಮಲತಾಯಿಯನ್ನೇ ಮದುವೆಯಾದ. ಅವನೂ ಸತ್ತ ಮೇಲೆ ಜೂಡಿತ್ ತವರಿಗೆ ಹೋಗಿ, ಅಲ್ಲಿಂದ ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ ಕಡೆ) ಬಾಲ್ಡ್ವಿನ್ ಜೊತೆ ಓಡಿಹೋದ್ಲು, ಅವರ ಮಗ ಆಲ್ಫ್ರೆಡ್‌ನ ಮಗಳು ಎಲ್ಫ್‌ತ್ರಿತ್‌ನ ಮದುವೆಯಾದ, ಆ ವಂಶದಲ್ಲೇ ಹುಟ್ಟಿದ ಮಟಿಲ್ಡಾ ಮುಂದೆ ವಿಲಿಯಂನ ಹೆಂಡತಿ. ಅಂದ್ರೆ ಗೆದ್ದೋನ ಮಕ್ಕಳ ಮೈಯಲ್ಲೂ ಆಲ್ಫ್ರೆಡ್‌ನ ರಕ್ತ, ಅದೂ ತಾಯಿ ಕಡೆಯಿಂದ. ಹಾಳೆ ಹೊಸದಾಗಿ ಬರೀಬೇಕಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಕಡೇ ದಿನ ಮಾಲ್ಮ್ಸ್‌ಬರಿ, ಆಲ್ಫ್ರೆಡ್‌ನ ಮೊಮ್ಮಗ ಎಥೆಲ್‌ಸ್ಟನ್‌ನ ಹೂತ ಊರು. ಈ ಊರಿಗೆ ಟ್ರೇನಿಲ್ಲ, ಚಿಪ್ಪೆನ್‌ಹ್ಯಾಮ್‌ನಲ್ಲಿ ಇಳಿದು ಬಸ್ ಹಿಡೀಬೇಕು, ವಾಪಸ್ ಬರೋ ಬಸ್ಸಿನ ಟೈಮ್ ಮೊದಲೇ ನೋಡ್ಕೊಂಡಿರಿ. ಅಬ್ಬೆ ಒಳಗಿರೋ ಸಮಾಧಿ ಆಮೇಲಿನ ಕಾಲದ್ದು, ಒಳಗೆ ಏನೂ ಇಲ್ಲ. 939ರಲ್ಲಿ ತೀರ್ಕೊಂಡ ಇವನಿಗೆ ಮಕ್ಕಳಿರ್ಲಿಲ್ಲ, ತಂಗಿಯರನ್ನ ಮಾತ್ರ ಯುರೋಪಿನ ದೊಡ್ಡ ಮನೆತನಗಳಿಗೆ ಕೊಟ್ಟಿದ್ದ. ಅವರಲ್ಲಿ ಈಡ್‌ಗಿತ್ ಜರ್ಮನಿಯ ರಾಜ ಒಟ್ಟೋನ ಹೆಂಡತಿ. 2008ರಲ್ಲಿ ಮ್ಯಾಗ್ಡೆಬರ್ಗ್ ಕ್ಯಾಥೆಡ್ರಲ್ಲಿನ ಅವಳ ಗೋರಿ ಒಳಗೆ ಮೂಳೆಗಳಿದ್ದ ಸೀಸದ ಪೆಟ್ಟಿಗೆ ಸಿಕ್ತು, ಹಲ್ಲು ಪರೀಕ್ಷೆ ಮಾಡಿದ್ರೆ ಆ ಹುಡುಗಿ ಕುಡಿದು ಬೆಳೆದ ನೀರು ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲು ನೆಲದ್ದು ಅಂತ ಬಂತು. ಅಣ್ಣನ ಗೋರಿ ಖಾಲಿ, ತಂಗಿಯ ಮೂಳೆ ಸಾವಿರ ವರ್ಷ ಆದ್ಮೇಲೂ ತವರಿನ ಗುರುತು ಹೇಳ್ತು. ಜರ್ಮನಿ ಕಡೆ ಹೋಗೋರು ಮ್ಯಾಗ್ಡೆಬರ್ಗನ್ನೂ ಪ್ಲಾನಲ್ಲಿ ಸೇರಿಸ್ಕೊಳ್ಳಿ, ನನಗೆ ಇನ್ನೂ ಹೋಗೋಕಾಗಿಲ್ಲ.