ಉಸಿರಿನ ಕಾಲಂ

ಮೆಡಿಕಲ್ ಕಾಲೇಜಿನಲ್ಲಿ ನಮಗೆ ಕಲಿಸಿದ ಮೇಡಂ ತೀರಿಕೊಂಡರೆಂದು ತಿಳಿದ ದಿನ ನಮ್ಮ ಬ್ಯಾಚಿನವರ ಮಾತೆಲ್ಲ ಉಚಿತ ಕ್ಲಿನಿಕ್ಕಿನ ರಿಜಿಸ್ಟರಿನ ಸುತ್ತಲೇ ತಿರುಗಿತು. ಮೆಡಿಸಿನ್ ತರಗತಿಯಲ್ಲಿ ಅವರು ಏನೇನು ಪಾಠ ಮಾಡಿದರೋ, ಹೆಚ್ಚಿನದು ಮರೆತೇ ಹೋಗಿದೆ. ಭಾನುವಾರದ ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟದ್ದು ಕೈಗೆ ಅಂಟಿಕೊಂಡಿದೆ.

ಅಲ್ಲಿ ಜೂನಿಯರ್ ಹಿಸ್ಟರಿ ತೆಗೆದು, ಅಂದರೆ ರೋಗದ ವಿವರ ಕೇಳಿ ಬರೆದುಕೊಂಡು, ಪರೀಕ್ಷೆ ಮಾಡಬೇಕು. ಅಂತಿಮ ವರ್ಷದ ಸೀನಿಯರ್ ಅಲ್ಲಿಯವರೆಗೆ ಬಾಯಿ ಬಿಡದೆ ಹಿಂದೆ ನಿಂತು, ಆಮೇಲೆ ಅದೇ ಪರೀಕ್ಷೆಯನ್ನು ತಾನೂ ಮಾಡಿ, ಇಬ್ಬರ ಅಂಕಿಗಳನ್ನೂ ಪಕ್ಕಪಕ್ಕ ಬರೆಯಬೇಕು. ಮೇಡಂ ರೋಗಿಯನ್ನು ನೋಡಿ ಸಹಿ ಹಾಕಿದ ಮೇಲೆಯೇ ಔಷಧಿ. ರೋಗಿಗೆ ಅಪಾಯವಾಗುವಂತಿದ್ದರೆ ಮಾತ್ರ ಸೀನಿಯರ್ ನಡುವೆ ಕೈಹಾಕಬಹುದು. ಸುಮ್ಮನೆ ನಿಲ್ಲುವುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟ. ಉತ್ತರ ಗೊತ್ತಿರುವವರು ಬಾಯಿ ಹಾಕಿದರೆ ಜೂನಿಯರ್ ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ.

ಬಿಪಿ ನೋಡುವುದರಲ್ಲಿ ಮೇಡಂಗೆ ಅವಸರ ಸೇರುತ್ತಿರಲಿಲ್ಲ. ರೋಗಿ 5 ನಿಮಿಷ ಬೆನ್ನು ಒರಗಿ, ಪಾದ ನೆಲಕ್ಕೂರಿ, ಮಾತಾಡದೆ ಕೂತಿರಬೇಕು. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿಬರಲಿ. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಬೇಕು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಇದ್ದಂತೆ ಕಾಣುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಪಟ್ಟಿಗೆ ಗಾಳಿ ತುಂಬುತ್ತಾ, ನಾಡಿ ನಿಂತ ಅಂಕಿಗಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2ರಿಂದ 3ರಂತೆ ಇಳಿಸಬೇಕು. ನಾಡಿ ಹಿಡಿಯದೆ ನೇರ ಸ್ಟೆತ್ ಇಟ್ಟರೆ ಕೆಲವರಲ್ಲಿ ಮೋಸ ಹೋಗುತ್ತೇವೆ. ಸ್ಟೆತ್‌ನಲ್ಲಿ ಕೇಳುವ ನಾಡಿಯ ಶಬ್ದ ನಡುವೆ ಮಾಯವಾಗಿ ಮತ್ತೆ ಕೇಳಿಸುವುದುಂಟು. ಆ ನಡುವಿನಿಂದ ಇಳಿಸಲು ಶುರು ಮಾಡಿದರೆ ಮೇಲಿನ ಬಿಪಿ ಇರುವುದಕ್ಕಿಂತ ತೀರಾ ಕಡಿಮೆ ಸಿಗುತ್ತದೆ.

ನಮ್ಮ ಕಾಲದ ಕಿತಾಪತಿ ನಡೆದದ್ದು ರಿಜಿಸ್ಟರಿನಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಕಾಲಂನಲ್ಲಿ. ಜನ ಹೆಚ್ಚಿದ್ದ ಒಂದು ದಿನ ಜೂನಿಯರ್‌ಗಳು ದೊಡ್ಡವರಿಗೆಲ್ಲ 18 ಎಂದು ತುಂಬಿದರು, ಸೀನಿಯರ್‌ಗಳು ಅದನ್ನೇ ನಕಲು ಮಾಡಿದರು. ಸಂಜೆ ಮೇಡಂ ರಿಜಿಸ್ಟರ್ ಬಿಡಿಸಿ ಬಿಪಿಯಿಂದ ಶುರು ಮಾಡಿದರು. ಪಾದರಸದ ಯಂತ್ರದ ಗೆರೆಗಳು 2ರ ಅಂತರದಲ್ಲಿವೆ, ಹಾಗಾಗಿ ಸೊನ್ನೆಯಲ್ಲಿ ಮುಗಿಯುವ ಅಂಕಿ ಸುಮಾರು ಐದರಲ್ಲೊಂದು ಇರಬೇಕು. ಆ ಪುಟದಲ್ಲಿ ಬಹುತೇಕ ಎಲ್ಲವೂ ಸೊನ್ನೆಯಲ್ಲೇ ಮುಗಿದಿದ್ದವು, ಅಂದರೆ ಅಂದಾಜಿನವು. ಆಮೇಲೆ ಬೆರಳು ಉಸಿರಿನ ಕಾಲಂಗೆ ಬಂತು. ಬೈಯಲಿಲ್ಲ. ಮುಂದಿನ ವಾರದಿಂದ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡು ಎಣಿಸಬೇಕೆಂದರು. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ಕೆಮ್ಮಿರುವ ಮಗುವಿಗೆ 2 ತಿಂಗಳಿಂದ 1 ವರ್ಷದೊಳಗಾದರೆ ನಿಮಿಷಕ್ಕೆ 50, 1ರಿಂದ 5 ವರ್ಷದೊಳಗಾದರೆ 40 ಮುಟ್ಟಿತೆಂದರೆ ನ್ಯುಮೋನಿಯಾ ಶಂಕಿಸಬೇಕು. ಅಲ್ಲಿ ಅಂದಾಜು ನಡೆಯುವುದಿಲ್ಲ.

ಶುಗರ್ ಪರೀಕ್ಷೆಗೂ ಹೀಗೇ. ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಅಂಕಿ ಸುಳ್ಳೇ ಏರುತ್ತದೆ.

ಈಗಿನವರು ಗೊಂಬೆಯ ತೋಳಿನ ಮೇಲೆ ಕಲಿಯುತ್ತಾರೆ, ಲಾಗ್‌ಬುಕ್ಕಿಗೆ ಸಹಿ ಬೀಳುತ್ತದೆ. ಮೊದಲ ಪಾಠಕ್ಕೆ ಗೊಂಬೆ ಒಳ್ಳೆಯದೇ, ಆದರೆ ಅಲ್ಲಿಗೇ ನಿಲ್ಲುವುದು ಬೇಸರ ತರಿಸುತ್ತದೆ. ಸ್ವಯಂಚಾಲಿತ ಬಿಪಿ ಯಂತ್ರ ನಾಡಿಯ ಲಯ ತಪ್ಪಿದವರಲ್ಲಿ ಎಡವುತ್ತದೆ. ಮಣಿಕಟ್ಟು ಹಿಡಿದು ಕಲಿತ ನಮ್ಮ ಬ್ಯಾಚಿನವರ ಬೆರಳಿಗೆ ಅದು ಮೊದಲೇ ತಿಳಿಯುತ್ತದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಮಾತ್ರೆ ಬಿಟ್ಟದ್ದನ್ನು ಗೊಂಬೆ ಮುಚ್ಚಿಡುವುದೂ ಇಲ್ಲ. "ದಿನಾ ತಗೋತೀರಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು?" ಎಂದು ಮೇಡಂ ಕೇಳಿದರೆ ನಿಜ ಹೊರಗೆ ಬರುತ್ತಿತ್ತು.

ಮಾತ್ರೆಯ ಲೆಕ್ಕವನ್ನೂ ಅವರೇ ಕಲಿಸಿದ್ದು. ಮುಂದಿನ ಭೇಟಿ 28 ದಿನಕ್ಕಿದ್ದರೆ 30 ಮಾತ್ರೆ ಕೊಡಬೇಕು, ಒಂದೆರಡು ದಿನ ತಡವಾದರೂ ಬಿಪಿ ಮಾತ್ರೆ ನಿಲ್ಲಬಾರದು. ಓದು ಬಾರದವರ ಪೊಟ್ಟಣದ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯಬೇಕು. ಯಾವ ಮಾತ್ರೆ ಯಾವಾಗ ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕು. ಅವರು ತಪ್ಪು ಹೇಳಿದರೆ ಜೂನಿಯರ್ ಮತ್ತೆ ಮೊದಲಿನಿಂದ ವಿವರಿಸಬೇಕು, ಸೀನಿಯರ್ ಅಲ್ಲಿಯವರೆಗೂ ಹಿಂದೆ ನಿಂತೇ ಇರಬೇಕು.